ಮರುನಾಡಿನ ಉದ್ಯಾನಗಳು

2009ನೆಯ ಇಸವಿಯ ಬೇಸಗೆಯಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಏರ್ಪಟ್ಟಿದ್ದ ‘ಉದ್ಯಾನ ಮತ್ತು ಬ್ರಹ್ಮಾಂಡ’ವೆಂಬ ಚಿತ್ರಪ್ರದರ್ಶನವನ್ನು ನಾವು ನೋಡಿದೆವು. ಚಿತ್ರಗಳೆಲ್ಲವೂ ಜೋಧಪುರದ ಅರಸರವು. ಹೊರಗಿನ ಅಂಗಳದಲ್ಲಿ ಕ್ಯೂ ಉದ್ಯಾನದವರು ಭಾರತದ ಗಿಡಮರಗಳದೊಂದು ತೋಟವನ್ನೇ ಎಬ್ಬಿಸಿದ್ದರು. ಆದರೂ ನಮ್ಮ ಕಣ್ಣು ನೆಟ್ಟುದು ಒಳಗಿನ ತೋಟಗಳಲ್ಲಿ.

ಹದಿನೆಂಟನೆಯ ಶತಮಾನದಲ್ಲಿ ನಾಗೌರದ ಬಖ್ತಸಿಂಹನ ಚಿತ್ರಕಾರರು ಬರೆದ ಪಟಗಳಲ್ಲಿ ಎತ್ತ ನೋಡಿದರೂ ನೀರು, ಹಸುರು. ಮಾರವಾಡವಾದರೋ ಮಳೆಗೆ ಹಂಬಲಿಸುವ ನಾಡು. ಇದು ಬರಿಯ ಕವಿಸಮಯವೆಂದು ವಾಚಕರು ಬಗೆಯಬಾರದು. ನಾಗೌರದ ಕೋಟೆಯೊಳಗೆ ಮಳೆಯ ನೀರನ್ನು ಕೂಡಿಟ್ಟು ಕೊಳಗಳಿಗೂ ಕಾರಂಜಿಗಳಿಗೂ ಹಾಯಿಸುವ ಏರ್ಪಾಡು ನಿಜವಾಗಿಯೂ ಇದ್ದಿತು. ಹನಿಯ ಬೆಲೆಯನ್ನು ಬಲ್ಲವರೇ ಕೊಳವನ್ನು ಅಷ್ಟು ಅಕ್ಕರೆಯಿಂದ ಬರೆದಾರು.

ತುಲಸೀರಾಮಾಯಣದ ಪಟಗಳು ನಾಲ್ಕಡಿಗೂ ಮಿಕ್ಕ ಅಗಲದವು. ಅವುಗಳಲ್ಲಿ ಕಾಡೂ ಅರಮನೆಯ ತೋಟದಷ್ಟೇ ಒಪ್ಪವಾಗಿದೆ.

ನಾವು ಬಹಳ ಹೊತ್ತು ನಿಂತುದು ಕಡೆಯ ಕೋಣೆಯಲ್ಲಿ. ನಾಥಯೋಗಿಗಳ ಭಕ್ತನಾದ ಮಾನಸಿಂಹನಿಗಾಗಿ 1823ರಲ್ಲಿ ರಚಿತವಾದ, ಬುಲಾಕಿಯ ಕೃತಿಯೆಂದು ಬಗೆಯಲಾಗಿರುವ ಪಟಕ್ಕೆ ಮೂರು ಭಾಗಗಳು. ಮೊದಲನೆಯದು ಬರಿಯ ಹೊನ್ನು, ಗೆರೆಯಿಲ್ಲ, ರೂಪವಿಲ್ಲ. ಎರಡನೆಯದರಲ್ಲಿ ಆ ಹೊನ್ನಿನ ಮೇಲೆ ಒಬ್ಬ ಸಿದ್ಧ. ಮೂರನೆಯದರಲ್ಲಿ ಬೆಳ್ಳಿಯ ಜಲರಾಶಿ. ‘ನಿರ್ಗುಣ’ವೆಂಬ ಪದವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವಾಗ ನಾವು ಎಷ್ಟೊಂದು ವಿಶೇಷಣಗಳನ್ನು ಹೇರುತ್ತಿದ್ದೆವು! ಇಲ್ಲಿ ಚಿತ್ರಕಾರನು ಕುಂಚವನ್ನು ತಡೆದು ಹಿಡಿದಿದ್ದನು. ಮುಂದಿನ ಪಟಕ್ಕೆ ಹೋದವರು ಮತ್ತೆ ಬಂದು ಆ ಬರಿದಾದ ಹೊನ್ನಿನ ಮುಂದೆಯೇ ನಿಂತೆವು.