ಹೂವಿಲ್ಲದ ಗುರಿಗೆ

2022ರಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಚಂದ್ರದ್ರೋಣ ಪರ್ವತದ ಇಳಿಜಾರುಗಳಲ್ಲಿ ಗುರಿಗೆ, ಅಂದರೆ ಕುರಿಂಜಿ, ಅರಳಿತು. ಮುಳ್ಳಯ್ಯನಗಿರಿಗೆ ಜನ ಮುಗಿಬಿದ್ದರು. ಅರಳಿದಾಗ ಗುರಿಗೆ ಯಾರಿಗೂ ಗೊತ್ತಾಗುತ್ತದೆ. ಹೂವಿನ ಸುಳಿವೂ ಇಲ್ಲದ ವರ್ಷಗಳಲ್ಲಿ, ಹುಲ್ಲಿನ ನಡುವೆ ಬರೀ ಹಸಿರು ಪೊದೆಯಾಗಿ ನಿಂತಿರುವಾಗ ಅದನ್ನು ಗುರುತು ಹಿಡಿಯುವುದು ನನಗೆ ಬಲು ಇಷ್ಟದ ಕೆಲಸ.

ಕೊಂಬೆ ಮುರಿಯುವ ಮಾತಿಲ್ಲ. ಗಿಡ ಇದ್ದಲ್ಲೇ ಮೊಣಕಾಲೂರಿ ಕೂರಬೇಕು. ಮೊದಲು ಕಾಂಡದ ಗಿಣ್ಣು: ಉಬ್ಬಿರುತ್ತದೆ. ಅಲ್ಲಿಂದ ಎದುರುಬದುರಾಗಿ ಎರಡು ಎಲೆ, ಅವುಗಳ ಮೇಲಿನ ಜೋಡಿ ಕೆಳಗಿನದಕ್ಕೆ ಅಡ್ಡಡ್ಡ. ಇಷ್ಟು ಕಂಡರೆ ಕನಕಾಂಬರ, ಆಡುಸೋಗೆಗಳ ಕುಟುಂಬದ ಕಡೆಗೆ ಮನಸ್ಸು ಹೊರಳುತ್ತದೆ. ಆಮೇಲೆ ಎಲೆಯನ್ನು ಬೆಳಕಿಗೆ ಓರೆ ಮಾಡಿ ಲೆನ್ಸ್ ಹಿಡಿಯುತ್ತೇನೆ. ಮೈಮೇಲೆ ಸೂಜಿಯಿಂದ ಗೀರಿದಂಥ ಸಣ್ಣ ಸಣ್ಣ ಗೆರೆಗಳು! ಜೀವಕೋಶಗಳೊಳಗೆ ಕೂಡಿಕೊಂಡ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಈ ಗೆರೆ ಕಂಡ ಗಳಿಗೆಯ ಹಿಗ್ಗು ಎಷ್ಟು ಸಲವಾದರೂ ಹಳತಾಗಿಲ್ಲ.

ಕುಟುಂಬ ಸಿಕ್ಕಿತು, ಜಾತಿ ಇನ್ನೂ ಸಿಗಬೇಕು. ಪಶ್ಚಿಮಘಟ್ಟದಲ್ಲಿ ಗುರಿಗೆಯ ಬಳಗದವು ಹತ್ತಾರು ಇವೆ. ನೀಲಕುರಿಂಜಿ ಎಂದು ಹೆಸರಾದ ಸ್ಟ್ರೊಬಿಲಾಂಥಿಸ್ ಕುಂತಿಯಾನಾದ ಎಲೆಗೆ ತೊಟ್ಟಿದೆ, ಅಂಚಿನಲ್ಲಿ ಸಣ್ಣ ಹಲ್ಲುಗಳಿವೆ. ಅದರ ಸೋದರಿ ಸೆಸಿಲಿಸ್‌ಗೆ ತೊಟ್ಟೇ ಇಲ್ಲ. ಎಲೆ ನೇರ ಕಾಂಡಕ್ಕೇ ಅಂಟಿರುತ್ತದೆ. ಹೂವಿನ ಬಣ್ಣ ನಂಬಿದವರು ಎರಡನ್ನೂ ಒಂದೇ ಎಂದುಕೊಂಡುಬಿಡಬಹುದು. ತೊಟ್ಟು ನೋಡಿದವರಿಗೆ ಆ ಗೊಂದಲವಿಲ್ಲ.

ನೀಲಕುರಿಂಜಿ ಹನ್ನೆರಡು ವರ್ಷ ಬದುಕಿ, ಒಂದೇ ಸಲ ಹೂಬಿಟ್ಟು ಸಾಯುವ ಗಿಡ. ಗುಡ್ಡಕ್ಕೆ ಗುಡ್ಡವೇ ಒಂದೇ ವಯಸ್ಸಿನದು. ಆದರೆ ಎಲ್ಲ ಗುಡ್ಡಗಳ ಲೆಕ್ಕವೂ ಒಂದಲ್ಲ: ಮುನ್ನಾರಿನ ಎರವಿಕುಲಂ 2006ರಲ್ಲಿ ಅರಳಿತು, ಮತ್ತೆ 2018ರಲ್ಲಿ. ಹಾಗಾಗಿ ಒಂದು ಪೊದೆಯ ಎತ್ತರ, ಕಾಂಡ ಗಟ್ಟಿಯಾದ ಬಗೆ ನೋಡುವಾಗ ಆ ಇಡೀ ಇಳಿಜಾರಿನ ವಯಸ್ಸನ್ನೇ ಊಹಿಸಲು ಹೊರಟಿರುತ್ತೇನೆ. ಬೇರೆ ಯಾವ ಕಾಡುಗಿಡವೂ ನನಗೆ ಈ ಅವಕಾಶ ಕೊಟ್ಟಿಲ್ಲ.

ಈಗ ನಾನು ಹುಡುಕುವುದು ಎಳೆಯ ಗಿಡಗಳನ್ನು. ಹೂವು ಬಾಡಿದ ಮೇಲೆ ಒಣಗಿದ ಕಾಯಿ ಬಿರಿದು, ಒಳಗಿನ ಪುಟ್ಟ ಕೊಕ್ಕೆಗಳು ಬೀಜವನ್ನು ಹೊರಕ್ಕೆ ಚಿಮ್ಮಿಸುತ್ತವೆ. ಮಳೆ ಬಿದ್ದು ಮೊಳೆತ ಆ ಸಸಿಗಳಲ್ಲಿ ಗಿಣ್ಣು ಇನ್ನೂ ಉಬ್ಬಿರುವುದಿಲ್ಲ. ಎಲೆಯ ಜೋಡಿ, ಅಂಚಿನ ಹಲ್ಲು, ಲೆನ್ಸಿಗೆ ಸಿಕ್ಕರೆ ಆ ಗೆರೆಗಳು: ಇಷ್ಟರಲ್ಲೇ ಹೇಳಬೇಕು.