ಕೌದಿ ಕಟ್ಟಿದ ಸ್ಟುಡಿಯೋ

ಕೆಲಸ ಬಿಟ್ಟಾಗ ಕೈಯಲ್ಲಿದ್ದ ದುಡ್ಡಲ್ಲಿ ಕಂಡೆನ್ಸರ್ ಮೈಕು, ಆಡಿಯೋ ಇಂಟರ್‌ಫೇಸ್ ಕೊಂಡೆ. ಬೆಂಗಳೂರಿನ ಬಾಡಿಗೆ ಮನೆಯ ಬೆಡ್‌ರೂಮೇ ಸ್ಟುಡಿಯೋ. 48 ವೋಲ್ಟ್ ಬಟನ್ ಒತ್ತಿ ಹಾಡಿದೆ. ಕೇಳಿ ನೋಡಿದ್ರೆ, ಬಚ್ಚಲುಮನೆಯಲ್ಲಿ ಹಾಡಿದ ಹಾಗಿತ್ತು!

ಇನ್ನೂ ದುಬಾರಿ ಮೈಕು ಬೇಕೇನೋ ಅಂದ್ಕೊಂಡೆ. ತಪ್ಪು ಮೈಕಿನದ್ದಲ್ಲ, ಬೋಳು ಗೋಡೆಗಳದ್ದು. ಒಳ್ಳೆ ಮೈಕು ನಮ್ಮ ದನಿಯ ಜೊತೆ ಕೋಣೆಯನ್ನೂ ಕೇಳಿಸಿಕೊಳ್ಳುತ್ತೆ. ಅಂಗಡಿಯ ತೆಳು ಫೋಮು ಚುಚ್ಚುವಂಥ ಮೇಲಿನ ಸದ್ದನ್ನಷ್ಟೇ ಹೀರುತ್ತೆ. ಕೆಳಗಿನ ಗುಂಯ್‌ಗುಟ್ಟುವಿಕೆ ಹಾಗೇ ಉಳಿಯುತ್ತೆ.

ಅಷ್ಟರಲ್ಲಿ ಧಾರವಾಡದಿಂದ ಅವ್ವ ಬಂದಳು. ನಾನು ಕೆಲಸ ಬಿಟ್ಟಿದ್ದನ್ನು ಅವಳು ನೆಂಟರ್‍ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ "ಆಫೀಸಿಗೆ ಹೋಗ್ಯಾನ" ಅಂತಲೇ ಉತ್ತರ. ಅವಳ ಚೀಲದಲ್ಲಿ ಅಜ್ಜಿಯ ಹಳೇ ಸೀರೆಗಳಿಂದ ಹೊಲಿದ ಎರಡು ದಪ್ಪ ಕೌದಿಗಳಿದ್ದವು. ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ನೇತುಹಾಕಿದೆ. ಆ ಗಾಳಿಯ ಸಂದಿಯೂ ಕೆಲಸ ಮಾಡುತ್ತೆ. "ಹೊದ್ಕೊಳ್ಳಾಕ ತಂದರ ಗೋಡಿಗೆ ಹೊಚ್ಚಿದೇನು?" ಅಂದಳು ಅವ್ವ.

ಕೋಣೆ ಗಪ್ಪಾಯಿತು. ಆದ್ರೆ ಕೌದಿ ಒಳಗಿನ ಪ್ರತಿಧ್ವನಿ ತಗ್ಗಿಸುತ್ತೆ, ಹೊರಗಿನ ಸದ್ದು ತಡೆಯೋದಿಲ್ಲ. ಫ್ಯಾನ್ ಆಫ್ ಮಾಡಿ, ಬೆವರು ಒರೆಸ್ಕೊಂಡು ಹಾಡಿದ ಆರನೇ ಟೇಕು ಚೆನ್ನಾಗಿ ಬಂದಿತ್ತು. ಹೆಡ್‌ಫೋನ್ ಹಾಕಿ ಕೇಳಿದೆ. ಎರಡನೇ ಚರಣದ ಹಿಂದೆ, ಬಾಗಿಲಾಚೆ, ಅವ್ವನ ಪಿಸುದನಿ. ಫೋನಲ್ಲಿ ಚಿಕ್ಕಮ್ಮನ ಜೊತೆ ಮಾತು:

"ಆಮ್ಯಾಲೆ ಮಾಡ್ತೀನವಾ. ಮಗಾ ಹಾಡು ರೆಕಾರ್ಡ್ ಮಾಡಾಕತ್ಯಾನ. ಹೂಂ, ಈಗ ಅದ ಅವನ ಕೆಲಸ."

ಹಾಡನ್ನು ಮತ್ತೆ ಮೊದಲಿಂದ ಹಾಡಬೇಕಾಯಿತು. ಆ ಆರನೇ ಟೇಕನ್ನು ಮಾತ್ರ ಡಿಲೀಟ್ ಮಾಡಿಲ್ಲ.