ಯಾರಿಗೂ ಬೇಡದ ಬಂಡೆ

ಫಿನ್‌ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಪ್ರವಾಸಿಗರ ಕಣ್ಣು ಅರಳಿಸುವಂಥದ್ದು ಹೆಚ್ಚೇನಿಲ್ಲ. ಪೈನ್ ಮರಗಳು, ಕೊಯ್ಲು ಮುಗಿದ ಹೊಲಗಳು, ಕೆಂಪು ಬಣ್ಣ ಬಳಿದ ಮರದ ಕೊಟ್ಟಿಗೆಗಳು, ಮತ್ತೆ ಪೈನ್ ಮರಗಳು. ಸಮುದ್ರ ಕೂಡ ಅಬ್ಬರವಿಲ್ಲದೆ ಕೆರೆಯ ಹಾಗೆ ತೆಪ್ಪಗಿರುತ್ತದೆ. ಈ ಕರಾವಳಿಗೆ ಅಂಟಿಕೊಂಡ ಒಲ್ಕಿಲುವೊಟೊ ಎಂಬ ದ್ವೀಪದಲ್ಲಿ, 2024ರ ಶರತ್ಕಾಲದಲ್ಲಿ, ನಾನು ನೋಡಲು ಹೋದದ್ದು ಒಂದು ಕಸದ ಗುಂಡಿಯನ್ನು. ಅಲ್ಲಿ ಹೂಳುವ ಕಸವನ್ನು ಒಂದು ಲಕ್ಷ ವರ್ಷ ಯಾರೂ ಮುಟ್ಟುವಂತಿಲ್ಲ. ಅಣುವಿದ್ಯುತ್ ಸ್ಥಾವರಗಳಲ್ಲಿ ಉರಿದು ಮುಗಿದ ಇಂಧನವನ್ನು ಶಾಶ್ವತವಾಗಿ ಹೂಳಲು ಜಗತ್ತಿನಲ್ಲೇ ಮೊದಲು ಸಜ್ಜಾದ ಜಾಗವಿದು. ಹೆಸರು ಓಂಕಲೊ.

ದ್ವೀಪಕ್ಕೆ ಕಾಲಿಟ್ಟರೆ ಮೊದಲು ಕಾಣುವುದು ಮೂರು ರಿಯಾಕ್ಟರುಗಳು. ಎರಡು ಹಳೆಯವು, ಸುಮಾರು ನಾಲ್ಕೂವರೆ ದಶಕದಿಂದ ದುಡಿಯುತ್ತಿವೆ. ಮೂರನೆಯದರ ಕಾಮಗಾರಿ 2005ರಲ್ಲಿ ಶುರುವಾಯಿತು, 2009ಕ್ಕೆ ಮುಗಿಯಬೇಕಿತ್ತು. ನಿಯಮಿತವಾಗಿ ವಿದ್ಯುತ್ ಕೊಡತೊಡಗಿದ್ದು 2023ರ ಏಪ್ರಿಲಿನಲ್ಲಿ. ಬೆಂಗಳೂರಿನ ಮೆಟ್ರೊ ಕಾಮಗಾರಿಯನ್ನು ಬೈಯುತ್ತ ಬದುಕಿದ ನನಗೆ ಇದನ್ನು ಕೇಳಿ ಒಂದು ಬಗೆಯ ಸಮಾಧಾನವಾಯಿತು ಎಂದರೆ ಸುಳ್ಳಲ್ಲ.

ಸಂದರ್ಶಕರ ಕೇಂದ್ರದಲ್ಲಿ ತಾಮ್ರದ ದೊಡ್ಡ ಡಬ್ಬಿಯೊಂದರ ಗೋಡೆಯನ್ನು ಅಡ್ಡಡ್ಡ ಕತ್ತರಿಸಿ ಇಟ್ಟಿದ್ದರು. ಮುಟ್ಟಿ ನೋಡಬಹುದು. ಐದು ಸೆಂಟಿಮೀಟರ್ ದಪ್ಪದ ತಾಮ್ರ, ಕತ್ತರಿಸಿದ ಅಂಚು ಕನ್ನಡಿಯಷ್ಟು ನುಣುಪು. ಅದರೊಳಗೆ ಎರಕದ ಕಬ್ಬಿಣದ ಕಪ್ಪು ತಿರುಳು, ತಿರುಳಿನಲ್ಲಿ ಚೌಕಾಕಾರದ ಕೊಳವೆಗಳು. ಇಂಧನದ ಕಂತೆಗಳು ಇಳಿಯುವುದು ಈ ಕೊಳವೆಗಳೊಳಗೆ. ಇಲ್ಲಿನ ಹಳೆಯ ರಿಯಾಕ್ಟರುಗಳದ್ದಾದರೆ ಡಬ್ಬಿಗೆ ಹನ್ನೆರಡು ಕಂತೆ. ಮುಚ್ಚಳ ಬೆಸೆದ ಮೇಲೆ ಅಂಥ ಡಬ್ಬಿ ಇಪ್ಪತ್ತು ಟನ್ನಿಗಿಂತ ಹೆಚ್ಚು ತೂಗುತ್ತದೆ. ಇಂಥವು ಸುಮಾರು 3,250 ಬೇಕಾಗುತ್ತವೆ. ಒಟ್ಟು 6,500 ಟನ್ ಯುರೇನಿಯಂ.

ರಿಯಾಕ್ಟರಿನಿಂದ ಹೊರಬಂದ ಇಂಧನವನ್ನು ನೇರವಾಗಿ ಹೂಳಲಾಗದು. ಅದು ವಿಪರೀತ ಬಿಸಿ, ಬರಿಗೈಯಲ್ಲಿ ಹತ್ತಿರ ಹೋದವನು ಬದುಕುವುದಿಲ್ಲ. ಹೀಗಾಗಿ ಸುಮಾರು ನಲವತ್ತು ವರ್ಷ ನೀರಿನ ಕೊಳದಲ್ಲಿ ಮುಳುಗಿಸಿಡುತ್ತಾರೆ. ಅಷ್ಟರಲ್ಲಿ ಅದರ ವಿಕಿರಣ ಸಾವಿರದಲ್ಲೊಂದು ಪಾಲಿಗೆ ಇಳಿದಿರುತ್ತದೆ. ಉಳಿದ ಆ ಒಂದು ಪಾಲಿಗೇ ಈ ಸಂಭ್ರಮವೆಲ್ಲ. ಜಗತ್ತಿನ ಬಹುತೇಕ ದೇಶಗಳು ಕೊಳದ ಹಂತದಲ್ಲೇ ನಿಂತಿವೆ. ಫಿನ್ನರದ್ದೂ ಒಂದು ಕಾಲಕ್ಕೆ ಅರ್ಧ ಜಾಣತನವೇ. ಲೊವಿಸಾ ಎಂಬಲ್ಲಿರುವ ಇನ್ನೊಂದು ಸ್ಥಾವರದ ಉರಿದ ಇಂಧನವನ್ನು ಮೊದಲು ಸೋವಿಯತ್ ಒಕ್ಕೂಟಕ್ಕೆ, ಆಮೇಲೆ ರಷ್ಯಕ್ಕೆ ಸಾಗಿಸಿ ಕೈತೊಳೆದುಕೊಳ್ಳುತ್ತಿದ್ದರು. 1994ರಲ್ಲಿ ಕಾನೂನು ತಿದ್ದಿದರು: ನಮ್ಮ ಕಸ ಹೊರಗೆ ಹೋಗಬಾರದು, ಹೊರಗಿನ ಕಸ ಒಳಗೆ ಬರಬಾರದು. ಮರುವರ್ಷವೇ ಎರಡು ವಿದ್ಯುತ್ ಕಂಪನಿಗಳು ಸೇರಿ ಪೊಸಿವಾ ಎಂಬ ಹೂಳುವ ಕಂಪನಿಯನ್ನು ಕಟ್ಟಿದವು. ಪಕ್ಕದ ಮನೆಯ ಕಾಂಪೌಂಡಿನೊಳಗೆ ಎಸೆಯುವ ದಾರಿ ಮುಚ್ಚಿದ ಮೇಲೆಯೇ ಮನುಷ್ಯನಿಗೆ ತನ್ನ ಹಿತ್ತಲು ಕಾಣುವುದು.

ಕೆಳಗೆ ಹೋಗಲು ಪಾಸ್‌ಪೋರ್ಟ್ ವಿವರಗಳನ್ನು ಬಹಳ ಮೊದಲೇ ಕಳಿಸಿದ್ದೆವು. ಹೆಲ್ಮೆಟ್, ಮಿಂಚುವ ಹಳದಿ ಜಾಕೆಟ್, ಬೂಟು ಹಾಕಿಸಿ ನಮ್ಮ ಸಣ್ಣ ಗುಂಪನ್ನು ವ್ಯಾನಿಗೆ ಹತ್ತಿಸಿದರು. ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುವ ಲೆಕ್ಕದಲ್ಲಿ ಸುಮಾರು ಐದು ಕಿಲೋಮೀಟರ್ ಉದ್ದದ ಸುರಂಗ ಸುತ್ತಿ ಸುತ್ತಿ ಕೆಳಗಿಳಿಯುತ್ತದೆ. ಗೋಡೆಯ ಮೇಲೆ ಆಳದ ಅಂಕಿಗಳು ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. ಜೋಗದ ರಾಜ ಧುಮುಕುವ ಎತ್ತರವನ್ನು ದಾಟಿದ್ದು ಗೊತ್ತಾಯಿತು. ಅಲ್ಲಿಂದಲೂ ಇನ್ನೂರು ಮೀಟರಿನ ಹತ್ತಿರ ಇಳಿಯಬೇಕಿತ್ತು. ತಳ ಸಿಗುವುದು 430 ಮೀಟರಿನ ಆಸುಪಾಸಿನಲ್ಲಿ.

ತಳದಲ್ಲಿ ಗಾಳಿ ತಣ್ಣಗಿತ್ತು, ಒದ್ದೆ ಕಲ್ಲಿನ ವಾಸನೆ. ಗೋಡೆಗೆ ಕೆಲವೆಡೆ ಕಾಂಕ್ರೀಟ್ ಸಿಂಪಡಿಸಿದ್ದರು, ಕೆಲವೆಡೆ ಬಂಡೆ ಬೆತ್ತಲಾಗಿತ್ತು: ಬೂದು ನೈಸ್ ಶಿಲೆ, ನಡುನಡುವೆ ತಿಳಿಗೆಂಪು ಎಳೆಗಳು, ವಯಸ್ಸು ಸುಮಾರು ನೂರಾತೊಂಬತ್ತು ಕೋಟಿ ವರ್ಷ. ಕೂದಲೆಳೆಯಂಥ ಬಿರುಕುಗಳ ಪಕ್ಕದಲ್ಲೆಲ್ಲ ಬಣ್ಣದ ಗುರುತು, ಅಂಕಿ. ದೊಡ್ಡ ಬಿರುಕು ಹಾದುಹೋಗುವ ಜಾಗವನ್ನು ಬಳಸುವುದಿಲ್ಲ. ಕುಣಿ ತೋಡಬೇಕೆಂದಿದ್ದ ಕಡೆ ಬಿರುಕು ಸಿಕ್ಕರೆ ಆ ಕುಣಿಯನ್ನೇ ಕೈಬಿಡುತ್ತಾರೆ.

ಮೂರ್ತಿ ಸಣ್ಣದಾದರೂ ದನಿ ದೊಡ್ಡದಾಗಿದ್ದ ಭೂವಿಜ್ಞಾನಿಯೊಬ್ಬರು ನಮ್ಮನ್ನು ಪಕ್ಕದ ಸುರಂಗಕ್ಕೆ ಕರೆದೊಯ್ದು ನೆಲದಲ್ಲಿದ್ದ ಕುಣಿಯೊಂದನ್ನು ತೋರಿಸಿದರು. ಎಂಟು ಮೀಟರ್ ಆಳ, ಒಂದೂಮುಕ್ಕಾಲು ಮೀಟರ್ ಅಗಲ, ನಮ್ಮೂರಿನ ಕಿರುಬಾವಿಯಷ್ಟು. ಕಟಕಟೆ ಹಿಡಿದು ಬಗ್ಗಿ ನೋಡಿದೆ. ಯಂತ್ರ ಕೊರೆದ ಗೋಡೆ ಎಷ್ಟು ನುಣುಪಾಗಿತ್ತೆಂದರೆ ಟಾರ್ಚಿನ ಬೆಳಕು ಅದರ ಮೇಲೆ ಜಾರಿ ತಳ ಮುಟ್ಟುತ್ತಿತ್ತು. ತಳದಲ್ಲಿ ಅಂಗೈಯಗಲ ನೀರು ನಿಂತಿತ್ತು. "ನೀರೇ ನಮ್ಮ ಶತ್ರು," ಎಂದರು ಅವರು. ಡಬ್ಬಿಯನ್ನು ಇಳಿಸಿ ಅದರ ಸುತ್ತ ಬೆಂಟೊನೈಟ್ ಎಂಬ ಜೇಡಿಯ ಇಟ್ಟಿಗೆಗಳನ್ನು ತುಂಬುತ್ತಾರೆ. ಬಂಡೆಯಿಂದ ಜಿನುಗುವ ನೀರನ್ನು ಕುಡಿದ ಜೇಡಿ, ನೆನೆಹಾಕಿದ ಕಡಲೆ ಡಬ್ಬಿಯ ಮುಚ್ಚಳವನ್ನೇ ಎತ್ತುವ ಹಾಗೆ, ಉಬ್ಬಿ ಎಲ್ಲ ಸಂದುಗಳನ್ನೂ ಬಿಗಿಯುತ್ತದೆ. ಆಮೇಲೆ ಒಳಗೆ ನೀರಿಗೆ ಹರಿದಾಡಲು ದಾರಿಯಿಲ್ಲ. ಶತ್ರುವಿನ ಕೈಯಲ್ಲೇ ಬಾಗಿಲು ಹಾಕಿಸುವ ಈ ಉಪಾಯ ನನಗೆ ಇಡೀ ಓಂಕಲೊದಲ್ಲಿ ಬಹಳ ಹಿಡಿಸಿತು. ನಾವು ಹೋಗುವ ಹೊತ್ತಿಗೆ ತಾಲೀಮು ಶುರುವಾಗಿತ್ತು. ಆಗಸ್ಟ್ ಕೊನೆಯಿಂದ ನಿಜವಾದ ಇಂಧನವಿಲ್ಲದ ಡಬ್ಬಿಗಳನ್ನಿಟ್ಟುಕೊಂಡು ಎಲ್ಲ ಹೆಜ್ಜೆಗಳನ್ನೂ ಪರೀಕ್ಷಿಸುತ್ತಿದ್ದರು.

ಇದೇ ದ್ವೀಪ ಯಾಕೆ? 1983ರಲ್ಲಿ ಹುಡುಕಾಟ ಶುರುವಾದಾಗ ಇಡೀ ದೇಶವೇ ನಕ್ಷೆಯಲ್ಲಿತ್ತು. ಜರಡಿ ಹಿಡಿದು ಹಿಡಿದು ಕೊನೆಗೆ ನಾಲ್ಕು ಜಾಗ ಉಳಿದವು. ಬಂಡೆಯ ಮಟ್ಟಿಗೆ ನಾಲ್ಕೂ ಆಗಬಹುದಿತ್ತು. ಅಲ್ಲಿಂದಾಚೆ ಜನರ ಮಾತು. ಅಲ್ಲಿನ ಕಾನೂನಿನ ಪ್ರಕಾರ ಸ್ಥಳೀಯ ಪುರಸಭೆ ಬೇಡ ಎಂದರೆ ಮುಗಿಯಿತು, ರಾಜಧಾನಿಯಿಂದ ಯಾರೂ ಹೇರುವಂತಿಲ್ಲ. ಒಲ್ಕಿಲುವೊಟೊ ಸೇರಿರುವ ಎವುರಯೊಕಿ ಪುರಸಭೆ 2000ದ ಜನವರಿಯಲ್ಲಿ 20–7 ಮತಗಳಿಂದ ಒಪ್ಪಿತು. ಮರುವರ್ಷ ಸಂಸತ್ತಿನಲ್ಲಿ 159 ಮಂದಿ ಪರ, ಮೂವರು ಮಾತ್ರ ವಿರುದ್ಧ. ಇದನ್ನು ಶುದ್ಧ ತ್ಯಾಗವೆಂದು ಹೊಗಳುವ ಅಗತ್ಯವಿಲ್ಲ. ಸ್ಥಾವರದ ತೆರಿಗೆಯಿಂದಲೇ ಎವುರಯೊಕಿಯ ಬೊಕ್ಕಸ ತುಂಬಿದೆ. ವೃದ್ಧಾಶ್ರಮವಾಗಿದ್ದ ಹಳೆಯ ವುಯೋಯೊಕಿ ಬಂಗಲೆಯನ್ನು ಪೊಸಿವಾ ಬಾಡಿಗೆಗೆ ಹಿಡಿದು, ಹೊಸ ವೃದ್ಧಾಶ್ರಮ ಕಟ್ಟಲು ಸಾಲವನ್ನೂ ಕೊಟ್ಟಿತ್ತು. ವ್ಯವಹಾರವೇ ಸರಿ. ಆದರೆ ಮೇಜಿನ ಮೇಲೆ ನಡೆದ ವ್ಯವಹಾರ, ಬೇಡ ಎನ್ನುವ ಹಕ್ಕಿದ್ದವರ ಜೊತೆ ನಡೆದದ್ದು.

ನಾನು ಕರ್ನಾಟಕದವನೆಂದು ತಿಳಿದಾಗ ಆ ಭೂವಿಜ್ಞಾನಿ "ಕೋಲಾರ!" ಎಂದು ಉದ್ಗರಿಸಿದರು. ಬಂಡೆ ಓದುವವರಿಗೆ ಕೋಲಾರ ಗೊತ್ತಿಲ್ಲದೆ ಇರುತ್ತದೆಯೆ? ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೆಜಿಎಫ್ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ, ಹೀಟರುಗಳನ್ನಿಟ್ಟು ಬಂಡೆ ಕಾವನ್ನು ಹೇಗೆ ತಾಳುತ್ತದೆಂದು ಅಳೆದಿದ್ದರು. ಇಂಥದ್ದೇ ತ್ಯಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು. 2012ರ ನವೆಂಬರಿನಲ್ಲಿ, ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಅಣುತ್ಯಾಜ್ಯಕ್ಕೆ ಕೋಲಾರದ ಗಣಿಯ ಪ್ರಸ್ತಾಪ ಬಂದದ್ದೇ ತಡ, ಕೋಲಾರ, ಕೆಜಿಎಫ್ ಹೊತ್ತಿ ಉರಿದವು. ಅಂಥ ಯೋಜನೆಯಿಲ್ಲವೆಂದು ಕೇಂದ್ರ ಸರ್ಕಾರ ಹೇಳಬೇಕಾಯಿತು. ಗಣಿ ಮುಚ್ಚಿ ಆಗಲೇ ಹನ್ನೊಂದು ವರ್ಷವಾಗಿತ್ತು. ಸೈನೈಡ್ ದಿಬ್ಬಗಳ ಧೂಳನ್ನು ಗಾಳಿಕಾಲದಲ್ಲಿ ಕುಡಿಯುತ್ತಿದ್ದ ಜನಕ್ಕೆ ಇನ್ನೊಂದು ವಿಷದ ಸುದ್ದಿ ಹೇಗೆ ಕೇಳಿಸಿರಬೇಡ!

ಇದನ್ನೆಲ್ಲ ಹೇಳಿದಾಗ ಆಕೆ ತಲೆಯಾಡಿಸಿ ಎರಡೇ ಮಾತು ಹೇಳಿದರು. ಗಣಿಯೆಂದರೆ ಸಾವಿರ ತೂತುಗಳ ಬಂಡೆ, ಪಂಪು ನಿಂತ ದಿನದಿಂದ ನೀರು ತುಂಬುತ್ತದೆ. ಎರಡನೆಯದು, ಚಿನ್ನವಿದ್ದ ಕಡೆಗೆ ಮನುಷ್ಯ ಮತ್ತೆ ಬಂದೇ ಬರುತ್ತಾನೆ. ಒಲ್ಕಿಲುವೊಟೊದ ಬಂಡೆಯಲ್ಲಿ ಚಿನ್ನವಿಲ್ಲ, ತಾಮ್ರವಿಲ್ಲ, ತೋಡಿ ತೆಗೆಯುವಂಥ ಯಾವ ಅದಿರೂ ಇಲ್ಲ. ಯಾವ ಕಾಲದ ಯಾವ ದುರಾಸೆಗೂ ಬೇಡವಾದ ಕಲ್ಲು ಬೇಕಿತ್ತು, ಸಿಕ್ಕಿತು.

ಇಲ್ಲಿಂದ ಮಾತು ಎಚ್ಚರಿಕೆಯ ಫಲಕದ ಕಡೆ ಹೊರಳಿತು. ಲಕ್ಷ ವರ್ಷದಾಚೆಯವರಿಗೆ 'ತೋಡಬೇಡಿ' ಎಂದು ಹೇಳುವುದು ಹೇಗೆ? ಅಮೆರಿಕದಲ್ಲಿ ಇದಕ್ಕೆಂದೇ ವಿದ್ವಾಂಸರನ್ನು ಕೂರಿಸಿ, ಮುಳ್ಳಿನಾಕಾರದ ಕಲ್ಲುಕಂಬಗಳ ಬಯಲಿನವರೆಗೆ ಯೋಚಿಸಿದ್ದಾರೆ. ಥಾಮಸ್ ಸಿಬಿಯಾಕ್ ಎಂಬ ಭಾಷಾವಿಜ್ಞಾನಿ 1984ರಲ್ಲಿ ಸೂಚಿಸಿದ್ದು ಇನ್ನೂ ಸೊಗಸು: ಗುಟ್ಟನ್ನು ತಲೆಮಾರಿನಿಂದ ತಲೆಮಾರಿಗೆ ಕಾಯುವ ಅಣು ಪುರೋಹಿತವರ್ಗವೊಂದನ್ನು ಹುಟ್ಟುಹಾಕಬೇಕಂತೆ. ಪುರೋಹಿತವರ್ಗದ ಅನುಭವ ಅವರಿಗೆ ಕಡಿಮೆ ಇದ್ದಿರಬೇಕು.

ನಮ್ಮ ಶಾಸನಗಳನ್ನು ಕೆತ್ತಿಸಿದವರೂ ಇದನ್ನೇ ಯೋಚಿಸಿದ್ದರು. ಓದು ಬಾರದವನಿಗೂ ತಿಳಿಯಲೆಂದು ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರರು. ಓದಬಲ್ಲವನಿಗೆ ಕೊನೆಯಲ್ಲಿ ಶಾಪ: ದತ್ತಿ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಅವಧಿಯಲ್ಲಿ ಓಂಕಲೊದ ಹತ್ತಿರಕ್ಕೇ ಬಂದಿದ್ದರು! ಆದರೂ ಕಲ್ಲುಗಳು ಕಿತ್ತುಹೋದವು. ಕಾವಲಿಗೆ ಹಾವಿದೆ ಎಂದರೆ ನಿಧಿ ಇರುವುದು ಖಚಿತವೆಂದು ಗುದ್ದಲಿ ತರುವವರು ನಾವು. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಕೆಡವಿದರು. ಗುರುತಿದ್ದ ಕಡೆ ಗುದ್ದಲಿ ಬೀಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಓಂಕಲೊವನ್ನು ರೂಪಿಸಿದವರು ಯಾರ ಕಾವಲನ್ನೂ ನೆನಪನ್ನೂ ನೆಚ್ಚಿಕೊಂಡಿಲ್ಲ. ದಾಖಲೆಗಳು ಸರ್ಕಾರದ ಬಳಿ ಇರುತ್ತವೆ. ಮುಂದಿನ ಶತಮಾನದ 20ರ ದಶಕದಲ್ಲಿ, ಎಲ್ಲ ತುಂಬಿದ ಮೇಲೆ, ಸುರಂಗಗಳಿಗೆ ಜೇಡಿ ಗಿಡಿದು ಬಾಯಿ ಮುಚ್ಚುತ್ತಾರೆ. ಜನ ಪೂರ್ತಿ ಮರೆತರೂ ಗುಂಡಿ ತನ್ನ ಕೆಲಸ ತಾನು ಮಾಡಿಕೊಳ್ಳಬೇಕು ಎಂಬುದೇ ಲೆಕ್ಕ.

ಆದರೆ ಡಬ್ಬಿಯ ತಾಮ್ರದ ಬಗ್ಗೆ ತಕರಾರಿದೆ. ಇದೇ ವಿಧಾನವನ್ನು ರೂಪಿಸಿದ ಸ್ವೀಡನ್ನಿನಲ್ಲೇ ಕೆಲವು ವಿಜ್ಞಾನಿಗಳು, ಆಮ್ಲಜನಕವಿಲ್ಲದ ನೀರಿನಲ್ಲೂ ತಾಮ್ರ ಸವೆಯುತ್ತದೆ ಎಂದು ವಾದಿಸಿದರು. 2018ರಲ್ಲಿ ಅಲ್ಲಿನ ಪರಿಸರ ನ್ಯಾಯಾಲಯ ಡಬ್ಬಿಯ ಬಗ್ಗೆ ಇನ್ನಷ್ಟು ಪುರಾವೆ ಬೇಕೆಂದಿತು; 2022ರಲ್ಲಿ ಸ್ವೀಡನ್ ಸರ್ಕಾರ ಒಪ್ಪಿಗೆ ಕೊಟ್ಟಿತು. ಮುಂದಿನ ಹಿಮಯುಗದ ಪ್ರಶ್ನೆಯೂ ಇದೆ. ಕಳೆದ ಹಿಮಯುಗದ ಮಂಜುಗಡ್ಡೆ ಅದುಮಿದ್ದ ಈ ನೆಲ ಈಗಲೂ ವರ್ಷಕ್ಕೆ ಸುಮಾರು ಆರು ಮಿಲಿಮೀಟರ್ ಮೇಲೇಳುತ್ತಿದೆ. ಅನುಮಾನಗಳು ನ್ಯಾಯವಾದವೇ. ಆದರೂ ನನ್ನ ಮತ ಗುಂಡಿಯ ಕಡೆಗೇ. ಹೂಳದೆ ಕೊಳದಲ್ಲೇ ಇಟ್ಟರೆ ಪಂಪು ಬೇಕು, ಕರೆಂಟು ಬೇಕು, ಕಾವಲುಗಾರ ಬೇಕು, ಕಾವಲುಗಾರನಿಗೆ ಸಂಬಳ ಕೊಡುವ ಸರ್ಕಾರ ಬೇಕು. ನೂರು ವರ್ಷ ಯುದ್ಧವಿಲ್ಲದೆ ಬಾಳಿದ ಸರ್ಕಾರ ಎಷ್ಟಿವೆ?

ಮೇಲೆ ಬಂದಾಗ ಎಸ್ಪೋದಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿರುವ ನನ್ನ ಹೆಂಡತಿಯ ತಮ್ಮ ಕಾರಿನೊಂದಿಗೆ ಕಾಯುತ್ತಿದ್ದ. ರೌಮಾದ ಹಳೇಪೇಟೆಯ ಮರದ ಮನೆಗಳ ನಡುವೆ ಕಾಫಿಗೆ ಕುಳಿತಾಗ ಅವನ ಮೊದಲ ಪ್ರಶ್ನೆ: "ಭಾವ, ಇದಕ್ಕೆಲ್ಲ ದುಡ್ಡು ಯಾರದು?"

ವಿದ್ಯುತ್ ಕಂಪನಿಗಳದ್ದು, ಅವು ಗ್ರಾಹಕರಿಂದ ಮೊದಲೇ ವಸೂಲು ಮಾಡಿ ಸರ್ಕಾರಿ ನಿಧಿಯೊಂದಕ್ಕೆ ತುಂಬುತ್ತ ಬಂದಿವೆ, ಎಂದೆ.

"ಅಂದ್ರೆ ನನ್ನ ಕರೆಂಟ್ ಬಿಲ್ಲಲ್ಲೂ ಇದೆ ಅನ್ನಿ. ನಮ್ಮ ಕೈಗಾದಲ್ಲಿ?"

ಕೈಗಾದಂಥ ಸ್ಥಾವರಗಳ ಉರಿದ ಇಂಧನವನ್ನು ನಮ್ಮ ದೇಶ ಕಸವೆಂದು ಎಣಿಸುವುದಿಲ್ಲ, ಸಂಸ್ಕರಿಸಿ ಪ್ಲುಟೋನಿಯಂ ತೆಗೆಯುತ್ತದೆ, ಉಳಿದ ಉಗ್ರ ವಿಷವನ್ನು ಗಾಜಿನಲ್ಲಿ ಕರಗಿಸಿ ಗಟ್ಟಿ ಮಾಡಿಡುತ್ತದೆ, ಆ ಗಾಜಿಗೂ ಕೊನೆಗೊಂದು ಗುಂಡಿ ಬೇಕು ಎಂದೆಲ್ಲ ವಿವರಿಸಿದೆ. ಸ್ಥಾವರ ಮುದಿಯಾದ ಮೇಲೆ ಕಳಚುವ ಖರ್ಚಿಗೆಂದು ಯೂನಿಟ್ಟಿಗೆ ಎರಡು ಪೈಸೆ ಎತ್ತಿಡುತ್ತಾರೆ ಎಂಬುದನ್ನೂ ಸೇರಿಸಿದೆ.

ಅವನು ದಾಲ್ಚಿನ್ನಿ ಬನ್ನು ಮುರಿಯುತ್ತ ಲೆಕ್ಕ ಹಾಕಿದ. "ಎರಡು ಪೈಸೆಗೆ ಎಷ್ಟು ಅಡಿ ತೋಡಬಹುದು ಭಾವ?"